ಅಧ್ಯಕ್ಷರೇ ರಾಜ್ಯ ಚುನಾವಣೆಗೆ ಇಳಿದು ಮಿತ್ರರನ್ನೂ ಬೈದರೆ? 2008ರ ವೆನೆಜುವೆಲಾ ಬಗ್ಗೆ ಒಂದು ಪ್ರಶ್ನೆ

ಕೊಥ್ರೂಡ್ ಹುಡುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಪುಣೆಯಲ್ಲಿ ರಾಜ್ಯಶಾಸ್ತ್ರ ಎಂ.ಎ. ಓದುತ್ತಿದ್ದೇನೆ, ಊರು ಇಂಡಿ ಕಡೆ. ಈ ಸಲ ಲ್ಯಾಟಿನ್ ಅಮೆರಿಕದ ಪೇಪರ್ ಇದೆ. ಅದಕ್ಕೆ ಒಂದು ಪ್ರಬಂಧ ಬರೆಯಬೇಕು. ನಾನು ಆರಿಸಿಕೊಂಡದ್ದು 2008ರ ನವೆಂಬರ್ 23ರಂದು ವೆನೆಜುವೆಲಾದಲ್ಲಿ ನಡೆದ ಗವರ್ನರ್ ಮತ್ತು ಮೇಯರ್ ಚುನಾವಣೆ. ಅಲ್ಲಿನ ಗವರ್ನರ್ ಅಂದರೆ ನಮ್ಮ ರಾಜಭವನದವರ ಹಾಗಲ್ಲ. ಜನ ನೇರವಾಗಿ ಆರಿಸುತ್ತಾರೆ, ಹೆಚ್ಚುಕಡಿಮೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ.

ಆ ಚುನಾವಣೆಯಲ್ಲಿ ಅಧ್ಯಕ್ಷ ಊಗೊ ಚಾವೆಜ್ ಅವರ ಕುರ್ಚಿಗೆ ಏನೂ ಅಪಾಯ ಇರಲಿಲ್ಲ. 2006ರ ಡಿಸೆಂಬರ್‌ನಲ್ಲಿ ಸುಮಾರು 63 ಶೇಕಡಾ ಮತ ತಗೊಂಡು ಗೆದ್ದಿದ್ದರು, 2013ರವರೆಗೆ ಅವಧಿ ಇತ್ತು. ಆದರೂ ಪ್ರಚಾರಕ್ಕೆ ಅವರೇ ಊರೂರು ತಿರುಗಿದರು. ಸೂಲಿಯಾ ರಾಜ್ಯಕ್ಕೆ ಹೋಗಿ ಅಲ್ಲಿನ ಗವರ್ನರ್ ಮಾನುಯೆಲ್ ರೊಸಾಲೆಸ್‌ರನ್ನು ಜೈಲಿಗೆ ಹಾಕಿಯೇ ತೀರುತ್ತೇನೆ ಅಂದರು. ಕರಬೋಬೊದಲ್ಲಿ ವಿರೋಧಿಗಳು ಗೆದ್ದರೆ ಟ್ಯಾಂಕುಗಳನ್ನು ಹೊರಗೆ ತರಬೇಕಾದೀತು ಅಂದರು. ಅದನ್ನಾದರೂ ಹೇಗೋ ಅರ್ಥ ಮಾಡಿಕೊಳ್ಳಬಹುದು. ಆದರೆ ಜೊತೆಗೇ ಇದ್ದ ಎರಡು ಸಣ್ಣ ಪಕ್ಷಗಳನ್ನು, ಕಮ್ಯುನಿಸ್ಟ್ ಪಕ್ಷವನ್ನು ಮತ್ತು ಪಿಪಿಟಿಯನ್ನು (ಪಾತ್ರಿಯಾ ಪಾರಾ ತೋದೊಸ್ ಎಂಬ ಎಡಪಂಥೀಯ ಪಕ್ಷ), ಸುಳ್ಳುಗಾರರು, ನಂಬಿಕೆಗೆ ಅರ್ಹರಲ್ಲ, ರಾಜಕೀಯ ನಕ್ಷೆಯಿಂದಲೇ ಮಾಯವಾಗುತ್ತಾರೆ ಎಂದೆಲ್ಲ ಯಾಕೆ ಬೈದರು? ಅವರು ಇವರ ಬೆಂಬಲಿಗರೇ ಅಲ್ವಾ?

ನಮ್ಮ ಕ್ಲಾಸಿನಲ್ಲಿ ಜಾಸ್ತಿ ಜನ ಇದನ್ನು ಪ್ರಚಾರದ ಕಾವು, ಅಷ್ಟೇ ಅಂದರು. ನನಗೆ ಸಮಾಧಾನ ಆಗಲಿಲ್ಲ. ಇಲ್ಲಿ ಈ ವಿಷಯ ಓದಿದವರು, ಆ ಕಡೆ ಹೋಗಿಬಂದವರು ಇದ್ದರೆ ದಯವಿಟ್ಟು ಹೇಳಿ.

---

ಡೊಂಬಿವಲಿ ಮೇಷ್ಟ್ರು

ಒಳ್ಳೆ ಪ್ರಶ್ನೆ ಕಣಮ್ಮ. ನಾನು ಮುಂಬೈಯ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದವನು. ಲ್ಯಾಟಿನ್ ಅಮೆರಿಕದ ಸುದ್ದಿಯನ್ನು ಬಹಳ ವರ್ಷದಿಂದ ಓದುತ್ತಾ ಬಂದಿದ್ದೇನೆ.

2008ಕ್ಕೆ ಬರುವ ಮುಂಚೆ ಅದರ ಹಿಂದಿನ ವರ್ಷವನ್ನು ನೋಡು. 2007ರ ಡಿಸೆಂಬರ್ 2ರಂದು ಚಾವೆಜ್ ಸಂವಿಧಾನ ತಿದ್ದುಪಡಿಗೆ ಜನಮತ ಕೇಳಿದರು. ಅಧ್ಯಕ್ಷರು ಎಷ್ಟು ಸಲ ಬೇಕಾದರೂ ನಿಲ್ಲಬಹುದು ಅನ್ನುವುದೂ ಅದರಲ್ಲಿತ್ತು. ಕೂದಲೆಳೆಯಲ್ಲಿ ಸೋತರು. 1998ರಲ್ಲಿ ಮೊದಲ ಸಲ ಆರಿಸಿ ಬಂದ ಮೇಲೆ ಅವರಿಗೆ ಅದೇ ಮೊದಲ ಸೋಲು. ಹಾಗಾಗಿ 2008ರ ರಾಜ್ಯ ಚುನಾವಣೆ ಅವರ ಪಾಲಿಗೆ ಗವರ್ನರ್‌ಗಳ ಚುನಾವಣೆ ಆಗಿರಲೇ ಇಲ್ಲ. ಅಲ್ಲಿ ಗೆದ್ದು ಮತ್ತೆ ಜನಮತಕ್ಕೆ ಹೋಗಬೇಕಿತ್ತು. ಹೋದರು ಕೂಡ. 2009ರ ಫೆಬ್ರವರಿ 15ರಂದು, ಅಂದರೆ ಮೂರೇ ತಿಂಗಳಿಗೆ, ಅವಧಿಯ ಮಿತಿಯನ್ನು ತೆಗೆಸಿಹಾಕಿದರು.

ಇನ್ನೊಂದು ಕಾರಣ ಇನ್ನೂ ಸರಳ. 2004ರಲ್ಲಿ ಅವರ ಕಡೆಯವರು 22ರಲ್ಲಿ 20 ರಾಜ್ಯ ಗೆದ್ದಿದ್ದರು. ನಾಲ್ಕು ವರ್ಷ ಆಳಿದ ಆ ಗವರ್ನರ್‌ಗಳಲ್ಲಿ ಎಷ್ಟೋ ಜನರ ಮೇಲೆ ಜನರಿಗೆ ಸಿಟ್ಟಿತ್ತು. ಕಸ ಎತ್ತುವವರಿಲ್ಲ, ಕೊಲೆ ಸುಲಿಗೆ ವಿಪರೀತ. ಅಧ್ಯಕ್ಷರ ಮೇಲೆ ಮಾತ್ರ ಪ್ರೀತಿ ಹಾಗೇ ಇತ್ತು. ಕಸದ ಬಗ್ಗೆ ಮಾತಾಡಿದರೆ ಸೋಲು, ಅಧ್ಯಕ್ಷರ ಬಗ್ಗೆ ಮಾತಾಡಿದರೆ ಗೆಲುವು. ಆದ್ದರಿಂದ ಪ್ರತಿ ಊರಲ್ಲೂ ಇದು ನನ್ನ ಚುನಾವಣೆ, ಎದುರು ನಿಂತವರು ದೇಶದ ಶತ್ರುಗಳು ಎಂದು ಹೇಳಲೇಬೇಕಾಯಿತು. ಇದು ಬಾಯಿಗೆ ಬಂದ ಹಾಗೆ ಆಡಿದ ಮಾತಲ್ಲ, ಲೆಕ್ಕ ಹಾಕಿ ಆಡಿದ್ದು.

ಈಗ ಮಿತ್ರರ ವಿಷಯ. 2007ರಲ್ಲಿ ಚಾವೆಜ್ ತಮ್ಮ ಜೊತೆಗಿದ್ದ ಎಲ್ಲ ಪಕ್ಷಗಳಿಗೂ ಪಕ್ಷ ವಿಸರ್ಜಿಸಿ ಪಿಎಸ್‌ಯುವಿ (ವೆನೆಜುವೆಲಾದ ಏಕೀಕೃತ ಸಮಾಜವಾದಿ ಪಕ್ಷ) ಎಂಬ ಒಂದೇ ಹೊಸ ಪಕ್ಷಕ್ಕೆ ಬನ್ನಿ ಎಂದು ಕರೆದಿದ್ದರು. ಕಮ್ಯುನಿಸ್ಟರು, ಪಿಪಿಟಿ, ಪೊದೆಮೊಸ್ ಮೂವರೂ ಒಲ್ಲೆ ಅಂದರು. ಪೊದೆಮೊಸ್ ಆ ವರ್ಷವೇ ಬಿಟ್ಟು ಹೋಯಿತು. ಉಳಿದ ಇಬ್ಬರು ಬೆಂಬಲ ಕೊಡುತ್ತಲೇ ಕೆಲವು ರಾಜ್ಯಗಳಲ್ಲಿ ಸ್ವಂತ ಅಭ್ಯರ್ಥಿ ಹಾಕಿದರು. ಗ್ವಾರಿಕೊದಲ್ಲಿ ಪಿಪಿಟಿಯ ಗವರ್ನರ್ ಎದುವಾರ್ದೊ ಮಾನುಯಿತ್ ತಮ್ಮ ಮಗಳನ್ನೇ ನಿಲ್ಲಿಸಿದರು. ಚಾವೆಜ್‌ರ ತವರು ಬಾರಿನಾಸ್ ಕಥೆ ಇದಕ್ಕಿಂತ ಮಜಬೂತು. ಅಲ್ಲಿ ಅವರ ತಂದೆ ಗವರ್ನರ್ ಆಗಿದ್ದರು, ಈಗ ಅಣ್ಣ ಅದಾನ್ ಅಭ್ಯರ್ಥಿ. ಎದುರು ನಿಂತ ಹೂಲಿಯೊ ಸೇಸಾರ್ ರೇಯೆಸ್ ಇದೇ ಗುಂಪಿನಿಂದ ಬಂದ ಮೇಯರ್. ಅವರಿಗೆ ಸಿಕ್ಕ ಬಿರುದು ದ್ರೋಹಿ.

ವಿರೋಧಿಯನ್ನು ಎಷ್ಟು ಬೈದರೂ ಅವನು ವಿರೋಧಿಯಾಗಿಯೇ ಇರುತ್ತಾನೆ. ಮಿತ್ರನನ್ನು ಬೈದರೆ ಉಳಿದ ಮಿತ್ರರೆಲ್ಲ ನೆಟ್ಟಗೆ ಕೂರುತ್ತಾರೆ. ಆ ಬೈಗುಳ ಪಿಪಿಟಿಯವರ ಕಿವಿಗಿಂತ ಸ್ವಂತ ಪಕ್ಷದವರ ಕಿವಿಗೆ ಜಾಸ್ತಿ ಬೀಳಲಿ ಎಂದೇ ಆಡಿದ್ದು ಅಂತ ನನ್ನ ಅಭಿಪ್ರಾಯ.

---

ವಾಸ್ಕೊ ಹಡಗಿನವ

ತಂಗೀ, ನಾನು ಮರ್ಚಂಟ್ ನೇವಿಯಲ್ಲಿ ಎಂಜಿನ್ ರೂಮ್‌ನಲ್ಲಿದ್ದವನು, ಈಗ ಗೋವಾದಲ್ಲಿ ಮನೆ. ಮೂಲ ಗದಗ. ಆ ಚುನಾವಣೆಯ ತಿಂಗಳು ನಮ್ಮ ಹಡಗು ಪುಯೆರ್ತೊ ಕಬೆಯೊ ಬಂದರಿನಲ್ಲಿತ್ತು. ಅದು ಇರುವುದು ಕರಬೋಬೊ ರಾಜ್ಯದಲ್ಲೇ, ನೀವು ಹೇಳಿದ ಟ್ಯಾಂಕಿನ ಮಾತು ಬಂದದ್ದು ಅದೇ ರಾಜ್ಯದ ಬಗ್ಗೆ.

ಬರ್ತ್ ಪಕ್ಕದಲ್ಲಿ ಸರಕು ಇಳಿಸುವ ಕೂಲಿಗಳಿಗೆ ಒಂದು ತಗಡಿನ ಶೆಡ್ ಇತ್ತು. ಅಲ್ಲಿ ಇಡೀ ದಿನ ರೇಡಿಯೊ ಹಾಡುತ್ತಿತ್ತು. ಒಂದು ಮಧ್ಯಾಹ್ನ ಹಾಡು ಅರ್ಧಕ್ಕೆ ನಿಂತು ಅಧ್ಯಕ್ಷರ ದನಿ ಬಂತು. ಒಬ್ಬ ವಯಸ್ಸಾದ ಕೂಲಿ ಎದ್ದು ಸ್ಟೇಷನ್ ತಿರುಗಿಸಿದ, ಅಲ್ಲೂ ಅದೇ ದನಿ. ಮತ್ತೆ ತಿರುಗಿಸಿದ, ಅದೇ. ಆ ದೇಶದಲ್ಲಿ ಸರಕಾರ ಹೇಳಿದರೆ ಎಲ್ಲ ರೇಡಿಯೊ, ಟಿವಿ ಚಾನೆಲ್‌ಗಳೂ ಒಟ್ಟಿಗೆ ಅಧ್ಯಕ್ಷರ ಭಾಷಣ ಹಾಕಲೇಬೇಕು ಎಂಬ ನಿಯಮ ಇದೆ. ಭಾನುವಾರಕ್ಕೆ ಅವರದೇ ಬೇರೆ ಟಿವಿ ಕಾರ್ಯಕ್ರಮ ಇತ್ತು, ಅಲೋ ಪ್ರೆಸಿದೆಂತೆ ಅಂತ. ಗಂಟೆಗಟ್ಟಲೆ ನಡೆಯುತ್ತಿತ್ತು. ಆ ಮುದುಕ ರೇಡಿಯೊ ಆರಿಸಲಿಲ್ಲ. ಸುಮ್ನೆ ದನಿ ಸಣ್ಣದು ಮಾಡಿ ಕೂತ. ಪಕ್ಕದಲ್ಲಿದ್ದ ಕೆಂಪು ಟೀ ಶರ್ಟಿನ ಹುಡುಗ ಎದ್ದು ಮತ್ತೆ ಜೋರು ಮಾಡಿದ. ಇಬ್ಬರೂ ಒಂದು ಮಾತೂ ಆಡಲಿಲ್ಲ, ಆದರೆ ಅವತ್ತು ಒಟ್ಟಿಗೆ ಕೂತು ಊಟ ಮಾಡಲಿಲ್ಲ. ಅದಕ್ಕೂ ಮುಂಚೆ ದಿನಾ ಒಂದೇ ಹಲಗೆ ಮೇಲೆ ಕೂತು ಉಣ್ಣುವುದನ್ನು ನಾನು ಡೆಕ್‌ನಿಂದ ನೋಡಿದ್ದೆ.

ಪ್ರಚಾರದ ಕಾವು ಅನ್ನುವವರಿಗೆ ನನ್ನ ಉತ್ತರ ಇದೇ. ಅಧ್ಯಕ್ಷರು ವೇದಿಕೆ ಮೇಲೆ ಆಡಿದ ಮಾತು ಆ ಶೆಡ್‌ವರೆಗೂ ಬಂತು.

ಕರಬೋಬೊದಲ್ಲಿ ಅಧ್ಯಕ್ಷರ ಅಭ್ಯರ್ಥಿ ಮಾರಿಯೊ ಸಿಲ್ವಾ. ವಿರೋಧಿಗಳನ್ನು ಬೈಯುವುದಕ್ಕೆಂದೇ ಸರಕಾರಿ ಟಿವಿಯಲ್ಲಿ ರಾತ್ರಿ ಕಾರ್ಯಕ್ರಮ ನಡೆಸುತ್ತಿದ್ದ ಮನುಷ್ಯ. ಹಳೆ ಗವರ್ನರ್ ಅಕೊಸ್ತಾ ಕಾರ್ಲೆಸ್, ಮಾಜಿ ಜನರಲ್, ಅವರೂ ಚಾವೆಜ್ ಕಡೆಯವರೇ. ಟಿಕೆಟ್ ಸಿಗದೆ ಬಂಡೆದ್ದು ನಿಂತರು, ಅವರನ್ನೂ ಚಾವೆಜ್ ಬಿಡಲಿಲ್ಲ. ಕೊನೆಗೆ ಗೆದ್ದದ್ದು ವಿರೋಧಿಗಳ ಸಾಲಾಸ್ ಫೆಯೊ. ಗೆದ್ದವರಿಗೂ ಸಿಲ್ವಾಗೂ ಇದ್ದ ಅಂತರಕ್ಕಿಂತ ಆ ಜನರಲ್ ತಗೊಂಡ ಮತಗಳೇ ಜಾಸ್ತಿ. ಸ್ವಂತ ಮನುಷ್ಯನನ್ನು ಬೈದು ಹೊರಗೆ ನಿಲ್ಲಿಸಿದ್ದಕ್ಕೆ ಒಂದು ದೊಡ್ಡ ರಾಜ್ಯವೇ ಹೋಯಿತು.

---

ಠಾಣೆ ರಾಯ್ಕರ್

ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ಚಾವೆಜ್ ಸಿಟ್ಟಿನ ಹಿಂದೆ ಕಾರಣ ಇರಲಿಲ್ಲವೇ? 2002ರ ಏಪ್ರಿಲ್‌ನಲ್ಲಿ ಅವರನ್ನು ಸೇನೆಯ ಒಂದು ಗುಂಪು, ವ್ಯಾಪಾರಿ ಸಂಘದ ನಾಯಕರು ಸೇರಿ ಕುರ್ಚಿಯಿಂದ ಇಳಿಸಿ ಹಿಡಿದಿಟ್ಟಿದ್ದರು. ಎರಡು ದಿನದೊಳಗೆ ಜನ ಬೀದಿಗೆ ಬಂದು, ನಿಷ್ಠ ಸೈನಿಕರು ಸೇರಿ ವಾಪಸ್ ತಂದರು. ಆವತ್ತು ಖಾಸಗಿ ಟಿವಿಗಳು ಜನ ಬೀದಿಗೆ ಬಂದದ್ದನ್ನೇ ತೋರಿಸಲಿಲ್ಲ. ಆ ವರ್ಷದ ಕೊನೆಗೆ ವಿರೋಧಿಗಳು ತೈಲ ಕಂಪನಿಯ ಮುಷ್ಕರ ಮಾಡಿ ದೇಶವನ್ನೇ ನಿಲ್ಲಿಸಿದರು. ರೊಸಾಲೆಸ್ ಆ ದಂಗೆಯ ಸರಕಾರದ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರು. ಅಂಥವರ ಬಗ್ಗೆ ಮೆತ್ತಗೆ ಮಾತಾಡಿ ಅಂತ ಹೇಳುವುದು ಸುಲಭ.

ವಿರೋಧಿಗಳ ಬಾಯಿಯೂ ಏನು ಚೊಕ್ಕ ಇರಲಿಲ್ಲ. ಅಧ್ಯಕ್ಷರ ಬಣ್ಣ, ಮುಖ ಇಟ್ಟುಕೊಂಡು ಕೋತಿ ಎಂದು ಕರೆಯುತ್ತಿದ್ದರು. ಬಡವರು ಅದನ್ನು ತಮಗೇ ಆದ ಅವಮಾನ ಅಂದುಕೊಂಡರು, ಅಂದುಕೊಳ್ಳಬೇಕಾದ್ದೇ. ಇನ್ನೂ ಒಂದು ಮಾತು. ಅಷ್ಟೆಲ್ಲ ಗುಡುಗಿದವರು ಫಲಿತಾಂಶ ಬಂದ ರಾತ್ರಿಯೇ ಒಪ್ಪಿಕೊಂಡರು. ಟ್ಯಾಂಕ್ ಬರಲಿಲ್ಲ. ವಿರೋಧಿಗಳು ಗೆದ್ದ ಐದು ರಾಜ್ಯಗಳಲ್ಲೂ ಗವರ್ನರ್‌ಗಳು ಪ್ರಮಾಣ ವಚನ ತಗೊಂಡರು. ತಂಗಿ ಪ್ರಬಂಧದಲ್ಲಿ ಇದೆಲ್ಲ ಬರಬೇಕು, ಇಲ್ಲದಿದ್ದರೆ ಅನ್ಯಾಯ ಆಗುತ್ತದೆ.

---

ಕೊಥ್ರೂಡ್ ಹುಡುಗಿ

ರಾಯ್ಕರ್ ಅಣ್ಣ, 2002 ಬಿಡುವುದಿಲ್ಲ, ಮೊದಲ ಭಾಗದಲ್ಲೇ ಹಾಕುತ್ತೇನೆ. ಆದರೆ ಒಂದು ಪ್ರಶ್ನೆ. 2002ರ ಸಿಟ್ಟು ರೊಸಾಲೆಸ್ ಮೇಲೆ ಇತ್ತು ಅಂದರೆ ಸರಿ. ಕಮ್ಯುನಿಸ್ಟ್ ಪಕ್ಷ 2002ರಲ್ಲಿ ಚಾವೆಜ್ ಪರವಾಗಿಯೇ ನಿಂತಿತ್ತಲ್ಲ? ಅವರಿಗೂ ಯಾಕೆ ಅದೇ ಭಾಷೆ?

ಹಾಗೆಯೇ ರಾಜಧಾನಿ ಕರಾಕಸ್ ಬಗ್ಗೆ ಯಾರಾದರೂ ಹೇಳ್ತೀರಾ? ಅಲ್ಲಿ ಬಡವರ ಬಡಾವಣೆಗಳೂ ವಿರೋಧಿಗಳ ಕಡೆ ಹೋದವು ಎಂದು ಓದಿದೆ, ಅದು ಹೇಗೆ ಎಂದು ತಿಳಿಯಲಿಲ್ಲ.

---

ಮುಲುಂಡ್ ಅಕ್ಕ

ನಾನು ಬಸ್ತಿಗಳಲ್ಲಿ ನೀರು, ಕಸದ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿದ್ದೇನೆ. ಕರಾಕಸ್‌ನ ಪೇತಾರೆ ಬಗ್ಗೆ ನಮ್ಮ ತರಬೇತಿಯಲ್ಲೇ ಪಾಠ ಇತ್ತು, ಹಾಗಾಗಿ ಸ್ವಲ್ಪ ಗೊತ್ತು.

ಪೇತಾರೆ ಅಂದರೆ ಗುಡ್ಡದ ಮೇಲೆ ಒಂದರ ತಲೆ ಮೇಲೆ ಒಂದು ಇಟ್ಟಿಗೆ ಮನೆ, ಮಧ್ಯೆ ಮೆಟ್ಟಿಲು, ಕಸದ ಲಾರಿ ಹೋಗುವುದಕ್ಕೆ ದಾರಿ ಇಲ್ಲ. ಲ್ಯಾಟಿನ್ ಅಮೆರಿಕದ ದೊಡ್ಡ ಬಸ್ತಿಗಳಲ್ಲಿ ಅದೂ ಒಂದು. ಅದು ಬರುವುದು ಸೂಕ್ರೆ ಪಾಲಿಕೆಯಲ್ಲಿ. ಚಾವೆಜ್‌ಗೆ ವರ್ಷಾನುಗಟ್ಟಲೆ ಮತ ಕೊಟ್ಟ ಜಾಗ. 2008ರಲ್ಲಿ ಅಲ್ಲಿ ಚಾವೆಜ್ ನಿಲ್ಲಿಸಿದ್ದು ಮಾಜಿ ಸಚಿವ ಹೆಸ್ಸೆ ಚಾಕೋನ್. ಎದುರಿಗೆ ಕಾರ್ಲೊಸ್ ಒಕಾರಿಸ್. ಈ ಮನುಷ್ಯ ಅಧ್ಯಕ್ಷರ ಬೈಗುಳಕ್ಕೆ ಉತ್ತರ ಕೊಡುತ್ತಾ ಕೂರಲಿಲ್ಲ. ಮನೆ ಮನೆಗೆ ಹೋಗಿ ಕಸ, ಕಳ್ಳತನ, ಶಾಲೆ, ಇಷ್ಟೇ ಮಾತಾಡಿದ. ಗೆದ್ದ. ಸೂಕ್ರೆ ಇರುವ ಇಡೀ ಮಿರಾಂದಾ ರಾಜ್ಯವನ್ನು ವಿರೋಧಿಗಳ ಎನ್ರಿಕೆ ಕಪ್ರಿಲೆಸ್ ಗೆದ್ದರು. ಸೋತದ್ದು ಯಾರು ಗೊತ್ತಾ, ಚಾವೆಜ್‌ರ ಬಲಗೈ ದಿಯೊಸ್ದಾದೊ ಕಬೆಯೊ. ಬೃಹತ್ ಕರಾಕಸ್‌ನ ಮೇಯರ್ ಆಗಿಯೂ ವಿರೋಧಿಗಳ ಅಂತೋನಿಯೊ ಲೆದೆಸ್ಮಾ ಬಂದರು.

ಇದನ್ನು ಓದಿದಾಗ ನಮ್ಮ ಮುಂಬೈ ನೆನಪಾಗದೆ ಇರುವುದಿಲ್ಲ. 2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಇಲ್ಲಿ ನಗರಸೇವಕರೇ ಇರಲಿಲ್ಲ, ಆಡಳಿತಾಧಿಕಾರಿ ನೋಡಿಕೊಂಡರು. ಪುಣೆಯಲ್ಲೂ ಹಾಗೇ ಆಯಿತು, ಕೊಥ್ರೂಡ್ ಹುಡುಗಿಗೆ ಗೊತ್ತಿರುತ್ತದೆ. ಗಟಾರ ತುಂಬಿ ನೀರು ಮನೆಯೊಳಗೆ ಬಂದಾಗ ಭಾಂಡುಪ್‌ನ ಹೆಂಗಸರು ನನ್ನನ್ನು ಕೇಳುತ್ತಿದ್ದದ್ದು ಯಾರ ಹತ್ತಿರ ಹೋಗಬೇಕು ಅಂತ. ವಾರ್ಡ್ ಆಫೀಸಿನಲ್ಲಿ ಚೀಟಿ ತಗೊಂಡು ಮುಂದಿನ ವಾರ ಬನ್ನಿ ಅನ್ನುತ್ತಿದ್ದರು. ಸ್ಥಳೀಯ ಚುನಾವಣೆಯನ್ನು ದೊಡ್ಡವರ ಜಗಳಕ್ಕೆ ಮೈದಾನ ಮಾಡಿಕೊಂಡರೆ ಈ ಹೆಂಗಸರ ಪ್ರಶ್ನೆ ಎಲ್ಲಿಗೆ ಹೋಗಬೇಕು? ನನಗೆ ಸಿಟ್ಟು ಬರುವುದು ಅಲ್ಲೇ. ಬೈಗುಳ ಕೇಳಲು ಹಿಂಸೆ ಆಗುತ್ತದೆ, ಸರಿ, ಅದಕ್ಕಿಂತ ದೊಡ್ಡ ನಷ್ಟ ಅಂದರೆ ಗಟಾರದ ಮಾತಿಗೆ ಜಾಗವೇ ಉಳಿಯುವುದಿಲ್ಲ.

ರಾಯ್ಕರ್ ಅವರೇ, ಫಲಿತಾಂಶ ಒಪ್ಪಿಕೊಂಡರು ಅಂದಿರಿ. ಆ ರಾತ್ರಿ ಒಪ್ಪಿಕೊಂಡರು. ಆಮೇಲೆ ಏನಾಯಿತು ನೋಡಿ. 2009ರ ಏಪ್ರಿಲ್‌ನಲ್ಲಿ ಸಂಸತ್ತು ರಾಜಧಾನಿ ಜಿಲ್ಲೆ ಅಂತ ಹೊಸ ಕಾನೂನು ತಂದಿತು. ಅದಕ್ಕೆ ಮುಖ್ಯಸ್ಥೆಯಾಗಿ ಹಾಕ್ಲಿನ್ ಫಾರಿಯಾ ಅವರನ್ನು ಅಧ್ಯಕ್ಷರೇ ನೇಮಿಸಿದರು. ಲೆದೆಸ್ಮಾ ಕೈಯಲ್ಲಿದ್ದ ದುಡ್ಡು, ಕೆಲಸ ಬಹುಪಾಲು ಅವರಿಗೆ ಹೋಯಿತು. ಜನ ಆರಿಸಿದ ಮೇಯರ್ ಹೆಸರಿಗಷ್ಟೇ ಮೇಯರ್. ಸಿಬ್ಬಂದಿಗೆ ಸಂಬಳ ಕೊಡುವ ದುಡ್ಡಿಗಾಗಿ ಅವರು ಆ ವರ್ಷ ಜುಲೈಯಲ್ಲಿ ಉಪವಾಸ ಕೂರಬೇಕಾಯಿತು.

---

ವಾಸ್ಕೊ ಹಡಗಿನವ

ಅಕ್ಕ ಹೇಳಿದ್ದಕ್ಕೆ ಬಂದರಿನ ಕಥೆಯನ್ನೂ ಸೇರಿಸುತ್ತೇನೆ. ಅಲ್ಲಿ ಬಂದರು, ವಿಮಾನ ನಿಲ್ದಾಣ, ಹೆದ್ದಾರಿ ರಾಜ್ಯಗಳ ಕೈಯಲ್ಲಿದ್ದವು. ಬಂದರಿನ ಶುಲ್ಕ ರಾಜ್ಯಕ್ಕೆ ಒಳ್ಳೆ ಆದಾಯ. 2009ರ ಮಾರ್ಚ್‌ನಲ್ಲಿ ಕಾನೂನು ಬದಲಿಸಿ ಅವನ್ನೆಲ್ಲ ಕೇಂದ್ರಕ್ಕೆ ತಗೊಂಡರು. ಅದೇ ತಿಂಗಳು ಸೇನೆ ಪುಯೆರ್ತೊ ಕಬೆಯೊ ಬಂದರಿಗೆ ಬಂದು ಕೂತಿತು. ಸೂಲಿಯಾದ ಮಾರಕೈಬೊ ಬಂದರಿನಲ್ಲೂ ಅದೇ ಕಥೆ. ಅಡ್ಡ ಬಂದ ಗವರ್ನರ್ ಜೈಲಿಗೆ ಹೋಗುತ್ತಾನೆ ಎಂದು ಚಾವೆಜ್ ಟಿವಿಯಲ್ಲೇ ಹೇಳಿದರು. ಎರಡೂ ವಿರೋಧಿಗಳು ಗೆದ್ದ ರಾಜ್ಯಗಳು.

ರಾಯ್ಕರ್ ಸಾಹೇಬ್ರೇ, ಟ್ಯಾಂಕ್ ಬರಲಿಲ್ಲ, ನಿಜ. ಸೈನಿಕರು ನಾಲ್ಕು ತಿಂಗಳು ತಡವಾಗಿ ಬಂದರು.

---

ಠಾಣೆ ರಾಯ್ಕರ್

ಬಂದರನ್ನು ಕೇಂದ್ರ ನಡೆಸುವುದು ತಪ್ಪು ಅಂತ ನಾನು ಒಪ್ಪುವುದಿಲ್ಲ, ನಮ್ಮ ಮುಂಬೈ ಬಂದರು, ಮರ್ಮಗೋವಾ ಕೂಡ ಕೇಂದ್ರದ್ದೇ. ಆದರೆ ಚುನಾವಣೆ ಸೋತ ಮೇಲೆ, ಸೋತ ರಾಜ್ಯಗಳಿಗೆ ಸೈನ್ಯ ಕಳಿಸಿ ಹೀಗೆ ಮಾಡಬಾರದಿತ್ತು. ಅಷ್ಟು ಒಪ್ಪುತ್ತೇನೆ. 2002ರ ಬಗ್ಗೆ ನಾನು ಹೇಳಿದ್ದು ಮಾತ್ರ ಹಾಗೇ ಇರಲಿ.

---

ಡೊಂಬಿವಲಿ ಮೇಷ್ಟ್ರು

ಕೊಥ್ರೂಡ್ ಹುಡುಗಿಯ ಕಮ್ಯುನಿಸ್ಟ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಪ್ರಯತ್ನಿಸುತ್ತೇನೆ. 2002ರಲ್ಲಿ ಜೊತೆಗಿದ್ದರೋ ಇಲ್ಲವೋ ಅನ್ನುವುದು ಲೆಕ್ಕಕ್ಕೇ ಬರಲಿಲ್ಲಮ್ಮ. ಸ್ವಂತ ಪಕ್ಷ, ಸ್ವಂತ ಅಭ್ಯರ್ಥಿ ಇಟ್ಟುಕೊಂಡರು, ಅದೇ ಅವರ ತಪ್ಪಾಯಿತು. ಅಧ್ಯಕ್ಷರ ಜೊತೆ ಇರುವುದು ಬೇರೆ, ಅಧ್ಯಕ್ಷರ ಕೆಳಗೆ ಇರುವುದು ಬೇರೆ. ಚಾವೆಜ್‌ಗೆ ಎರಡನೆಯದೇ ಬೇಕಿತ್ತು.

ಆ ಪಕ್ಷಗಳ ಮುಂದಿನ ಗತಿಯನ್ನು ಪ್ರಬಂಧದಲ್ಲಿ ಹಾಕು. ಪಿಪಿಟಿ 2010ರ ಹೊತ್ತಿಗೆ ಚಾವೆಜ್‌ರಿಂದ ದೂರ ಆಯಿತು. 2012ರಲ್ಲಿ ಸುಪ್ರೀಂ ಕೋರ್ಟು ಆ ಪಕ್ಷದ ಹೆಸರು, ಗುರುತು ಎಲ್ಲವನ್ನೂ ಚಾವೆಜ್ ಪರ ಇದ್ದ ಬಣಕ್ಕೆ ಕೊಟ್ಟಿತು. ಕಮ್ಯುನಿಸ್ಟರು 2013ರಲ್ಲಿ ಚಾವೆಜ್ ತೀರಿಕೊಂಡ ಮೇಲೂ ವರ್ಷಗಟ್ಟಲೆ ಬೆಂಬಲ ಕೊಟ್ಟರು. ಕೊನೆಗೆ ಚಾವೆಜ್ ನಂತರ ಅಧ್ಯಕ್ಷರಾದ ಮಾದುರೊ ವಿರುದ್ಧ ಮಾತಾಡಿದರು. 2023ರ ಆಗಸ್ಟ್‌ನಲ್ಲಿ ಅದೇ ಕೋರ್ಟು ಅವರ ನಾಯಕರನ್ನೇ ಬದಲಿಸಿತು. 1931ರಲ್ಲಿ ಹುಟ್ಟಿದ ಪಕ್ಷ ಅದು. 2008ರಲ್ಲಿ ಅಧ್ಯಕ್ಷರು ಬಯಲಲ್ಲಿ ನಿಂತು ಮಾಯವಾಗುತ್ತಾರೆ ಅಂದದ್ದು ಕೋರ್ಟಿನ ಕಾಗದದ ಮೇಲೆ ಜಾರಿಗೆ ಬಂತು.

ರೊಸಾಲೆಸ್ ಕೂಡ ಅಷ್ಟೇ. ಆ ಚುನಾವಣೆಯಲ್ಲಿ ಮಾರಕೈಬೊ ಮೇಯರ್ ಆಗಿ ಗೆದ್ದರು. ಸ್ವಲ್ಪ ದಿನದಲ್ಲೇ ಭ್ರಷ್ಟಾಚಾರದ ಕೇಸು, 2009ರ ಏಪ್ರಿಲ್‌ನಲ್ಲಿ ಪೆರು ದೇಶಕ್ಕೆ ಹೋಗಿ ಆಶ್ರಯ ಕೇಳಿದರು. 2015ರಲ್ಲಿ ವಾಪಸ್ ಬಂದಾಗ ವಿಮಾನ ನಿಲ್ದಾಣದಲ್ಲೇ ಹಿಡಿದರು. ಆರೋಪ ನಿಜವೋ ಸುಳ್ಳೋ, ಅದು ಕೋರ್ಟು ಹೇಳಬೇಕು. ಆದರೆ ಕೇಸು ಕೋರ್ಟಿಗೆ ಬರುವ ಮುಂಚೆಯೇ ಅಧ್ಯಕ್ಷರು ವೇದಿಕೆ ಮೇಲೆ ತೀರ್ಪು ಕೊಟ್ಟಿದ್ದರಲ್ಲ. ಆಮೇಲೆ ಯಾವ ನ್ಯಾಯಾಧೀಶ ಧೈರ್ಯವಾಗಿ ಬೇರೆ ತೀರ್ಪು ಬರೆಯುತ್ತಾನೆ?

ಇನ್ನೊಂದನ್ನು ಮರೆಯಬೇಡ. ಪ್ರಚಾರ ಶುರುವಾಗುವ ಮುಂಚೆಯೇ ಲೆಕ್ಕ ಪರಿಶೋಧನಾ ಮುಖ್ಯಸ್ಥರು ನೂರಾರು ಜನರನ್ನು ಚುನಾವಣೆಗೆ ಅನರ್ಹ ಎಂದು ಪಟ್ಟಿ ಮಾಡಿದ್ದರು. ಯಾವ ಕೋರ್ಟಿನ ಶಿಕ್ಷೆಯೂ ಇಲ್ಲದೆ. ವಿರೋಧಿಗಳ ಲಿಯೊಪೋಲ್ದೊ ಲೋಪೆಸ್ ಬೃಹತ್ ಕರಾಕಸ್ ಮೇಯರ್‌ಗೆ ನಿಲ್ಲಬೇಕಿದ್ದವರು, ಆ ಪಟ್ಟಿಯಲ್ಲಿ ಸಿಕ್ಕಿಬಿದ್ದರು. 2011ರಲ್ಲಿ ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯ ಅದು ತಪ್ಪು ಎಂದು ಹೇಳಿತು. ಆ ಹೊತ್ತಿಗೆ ಚುನಾವಣೆ ಮುಗಿದು ಮೂರು ವರ್ಷ ಆಗಿತ್ತು.

---

ಕೊಥ್ರೂಡ್ ಹುಡುಗಿ

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಪ್ರಬಂಧದ ರೂಪ ಈಗ ಸಿಕ್ಕಿತು. ಎರಡು ಸಾಲು ಪಟ್ಟಿ ಮಾಡುತ್ತೇನೆ. ಒಂದು ಕಡೆ ಚುನಾವಣೆಗೆ ಮುಂಚೆ ಆಡಿದ ಮಾತು, ಎದುರಿಗೆ 2009ರ ಜುಲೈವರೆಗೆ ಆದದ್ದು. ಮಿತ್ರ ಪಕ್ಷಗಳಿಗೆ ಮಾತ್ರ ಪಟ್ಟಿ 2023ರವರೆಗೆ ಹೋಗುತ್ತದೆ. ಪಿಎಸ್‌ಯುವಿ 22ರಲ್ಲಿ 17 ರಾಜ್ಯ ಗೆದ್ದಿತ್ತು ಅನ್ನುವುದನ್ನೂ ದಪ್ಪಕ್ಷರದಲ್ಲಿ ಹಾಕುತ್ತೇನೆ, ಯಾಕೆಂದರೆ ಅಷ್ಟು ಗೆದ್ದ ಮೇಲೂ ಉಳಿದ ಐದನ್ನು ಬಿಡಲಿಲ್ಲ ಅನ್ನುವುದೇ ನನಗೆ ಮುಖ್ಯ ಅನಿಸುತ್ತಿದೆ.

ವಾಸ್ಕೊ ಅಣ್ಣ, ಆ ಶೆಡ್‌ನ ಘಟನೆಯನ್ನು ನಿಮ್ಮ ಹೆಸರಿಲ್ಲದೆ ಬಳಸಬಹುದಾ? ನಮ್ಮ ಸರ್ ಕೇಳಿದರೆ ಹಡಗಿನಲ್ಲಿದ್ದವರು ಹೇಳಿದ್ದು ಅಂತ ಹೇಳುತ್ತೇನೆ.

---

ವಾಸ್ಕೊ ಹಡಗಿನವ

ಧಾರಾಳವಾಗಿ ಬಳಸು ತಂಗಿ. ಹಡಗಿನ ಹೆಸರು ಬೇಡ, ಬಂದರಿನ ಹೆಸರು ಇರಲಿ. ಪ್ರಬಂಧ ಮುಗಿದ ಮೇಲೆ ಇಲ್ಲೇ ಹಾಕು, ನಾವೆಲ್ಲ ಓದುತ್ತೇವೆ.